ನಲವತ್ತೊಂದನೆಯ ಹಾರಾಟದ ಮಸಿ

ನಾಲ್ಕೂವರೆ ವರ್ಷ ಸುದ್ದಿಯೇ ಇಲ್ಲದ ನಜೀಬ್ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದಾಗ ತಿರುಮಲೇಶ ಎರಡನೆಯ ದೋಸೆಗೆ ಕೈ ಹಾಕಿದ್ದ. ಫೋನಿನ ಪುಟ್ಟ ಕಿಟಕಿಯಲ್ಲಿ ಮಿಷಿಗನ್ನಿನ ನಂಬರು ಕಂಡಿತು. ಯಾರೋ ಕ್ರೆಡಿಟ್ ಕಾರ್ಡ್ ಮಾರುವವರಿರಬೇಕು ಎಂದು ಬೈಗುಳವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಎತ್ತಿದ.

"ಏನಪಾ ತಿರುಮಲೇಶ, ಆರಾಮ ಇದ್ದೀಯೇನು?"

ನಿನ್ನೆ ತಾನೇ ಮಾತಾಡಿ ಇಟ್ಟವರ ಧಾಟಿ. ತಿರುಮಲೇಶ ದೋಸೆಯ ಕೈ ಒರೆಸಿಕೊಂಡ. ಆರಾಮ ಅಂದ. ಅದೃಷ್ಟಕ್ಕೆ ಆ ಕಡೆಯವನೇ ಮಾತು ಮುಂದುವರಿಸಿದ.

"ಬರೋ ಶನಿವಾರ ನಿಮ್ಮ ಶಿಕಾಗೋ ಕಡೆ, ಗ್ಲೆಂಡೇಲ್ ಹೈಟ್ಸಿಗೆ ಬರಾಕತ್ತೇವಿ. ನಮ್ಮ ಮನ್ಯಾಕಿ ನೌಶೀನ್‌ಳ ಅಕ್ಕನ ಮಗಳ ನಿಕಾ ಐತಿ. ಮಧ್ಯಾಹ್ನ ನಿಮ್ಮ ಮನಿಗೆ ಬಂದು ಹೋಗ್ತೀನಿ. ನಮ್ಮ ಮೋಟರ್ ನಿನ್ನ ಕಡೇನ ಐತಿ, ಹೌದಿಲ್ಲೋ? ಇಲ್ಲಿ ಆನ್ ಆರ್ಬರ್ ಕಡೆ ಒಂದು ಕ್ಲಬ್ ಸಿಕ್ಕೈತಿ. ಮತ್ತ ಹಾರಸೂಣು ಅಂತ ಮಾಡೇನಿ."

"ಇದೆ, ನನ್ನ ಹತ್ರಾನೇ ಇದೆ."

"ತೊಳದು ಇಟ್ಟೀಯಲ್ಲ?"

"ಇಟ್ಟಿದೀನಿ," ಎಂದ ತಿರುಮಲೇಶ.

ಅಂಬುಜಾ ಕಾವಲಿಯ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡ ಫೋನಿಟ್ಟ ಮೇಲೆ ಒಲೆ ಸಣ್ಣ ಮಾಡಿ ಕೇಳಿದಳು. "ತೊಳೆದಿಟ್ಟಿದೀನಿ ಅಂದ್ರಲ್ಲ, ಯಾವಾಗ ತೊಳೆದ್ರಿ?"

"ಇನ್ನೂ ಆರು ದಿನ ಇದೆಯಲ್ಲ."

"ನಾಲ್ಕೂವರೆ ವರ್ಷದಲ್ಲಿ ಆಗ್ದೇ ಇದ್ದಿದ್ದು ಆರು ದಿನದಲ್ಲಿ ಆಗತ್ತೇನ್ರೀ?"

ಅಂಬುಜಾಳದ್ದು ಯಾವಾಗಲೂ ಹೀಗೇ. ಮಾತು ಕಡಿಮೆ, ಆಡಿದ್ದು ನೆಟ್ಟಗೆ ನಾಟುವಂಥದ್ದು. ತಿರುಮಲೇಶ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಗ್ಯಾರೇಜಿಗೆ ಹೋದ.

ಮೋಟರ್ ಎಂದರೆ ಬಾವಿಯಿಂದ ನೀರೆತ್ತುವುದಲ್ಲ. ಹವ್ಯಾಸಕ್ಕೆಂದು ಹೊಲದ ನಡುವೆ ನಿಂತು ರಾಕೆಟ್ ಹಾರಿಸುವ ಜನ ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಆ ರಾಕೆಟ್ಟಿನ ಬಾಲದಲ್ಲಿ ಕೂರುವ ಮೋಟರ್ ಇದು. ಒಂದು ಗೇಣು ಉದ್ದದ ಅಲ್ಯೂಮಿನಿಯಂ ಕೊಳವೆ, ಎರಡು ತುದಿಗೂ ತಿರುಪಿನ ಮುಚ್ಚಳ. ದೀಪಾವಳಿಯ ರಾಕೆಟ್ಟಿನ ಹಾಗೆ ಒಮ್ಮೆ ಸುಟ್ಟು ಎಸೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ತುಂಬುವುದು. ಒಳಗೆ ಕಾಗದದ ಒಂದು ಒಳಕೊಳವೆ, ಅದರೊಳಗೆ ಇಂಧನದ ಬಿಲ್ಲೆಗಳು, ಸಂದಿಗಳಿಗೆ ಗ್ರೀಸು ಸವರಿದ ರಬ್ಬರ್ ಬಳೆಗಳು. ಹಿಂದೆ ಬೆಂಕಿ ಉಗುಳುವ ಮೂತಿ. ಮುಂದಿನ ಮುಚ್ಚಳದ ಗುಳಿಯಲ್ಲಿ, ಮೇಲೆ ಹೋದ ಮೇಲೆ ಪ್ಯಾರಾಚೂಟನ್ನು ಹೊರದಬ್ಬಲು ಒಂದಿಷ್ಟು ಕಪ್ಪು ಪುಡಿ. ಬಳೆ ಮರೆತರೆ ಬೆಂಕಿ ಸಂದಿಯಲ್ಲಿ ನುಗ್ಗಿ ಕೊಳವೆಯನ್ನೇ ತಿಂದುಬಿಡುತ್ತದೆ. ಹಾರಿಸಿದ ದಿನವೇ ಬಿಚ್ಚಿ, ಮಸಿ ತೊಳೆದು, ಒರೆಸಿ ಇಡಬೇಕು. ಇಲ್ಲವಾದರೆ ಮಸಿ ತೇವ ಕುಡಿದು ಗಟ್ಟಿಯಾಗಿ, ತಿರುಪುಗಳನ್ನು ಕಚ್ಚಿ ಹಿಡಿದು, ಲೋಹವನ್ನೇ ಕೊರೆಯತೊಡಗುತ್ತದೆ.

ಇಬ್ಬರ ಪರಿಚಯವಾದದ್ದೂ ಒಂದು ಮರೆವಿನಿಂದಲೇ. ತೊಂಬತ್ತೇಳರ ಅಕ್ಟೋಬರಿನಲ್ಲಿ, ಶಿಕಾಗೋದಿಂದ ಅರವತ್ತು ಮೈಲಿ ಆಚೆ ಸೋಯಾ ಕೊಯ್ದ ಹೊಲದಲ್ಲಿ, ತಿರುಮಲೇಶನ ಮೊದಲ ದೊಡ್ಡ ರಾಕೆಟ್ಟು ಸೊಗಸಾಗಿ ಮೇಲೇರಿ, ಪ್ಯಾರಾಚೂಟ್ ಬಿಚ್ಚದೆ ನೆಟ್ಟಗೆ ಕೆಳಗಿಳಿದು ಮೊಣಕಾಲುದ್ದ ಮಣ್ಣಿನಲ್ಲಿ ಹೂತುಕೊಂಡಿತು. ಮೂರು ತಿಂಗಳು ಉಜ್ಜಿ ಬಣ್ಣ ಹಚ್ಚಿದ ರಾಕೆಟ್ಟು. "ಥೂ, ಹಾಳಾಗ್ ಹೋಗ," ಎಂದು ಮೈಸೂರಿನವನಾದ ತಿರುಮಲೇಶ ತನ್ನಷ್ಟಕ್ಕೆ ಬೈದುಕೊಂಡ. ಬೆನ್ನ ಹಿಂದಿನಿಂದ ಅಚ್ಚ ಹುಬ್ಬಳ್ಳಿಯ ಕನ್ನಡ ಕೇಳಿಸಿತು. "ಪುಡಿ ಹಾಕಿಲ್ಲ ನೀವು."

ಅವನೇ ನಜೀಬ್. ಅವನ ತಂದೆಗೆ ಹುಬ್ಬಳ್ಳಿಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಆ ಕೈಯ ಗುಣ ಮಗನಿಗೂ ಬಂದಿತ್ತು. ಅಲ್ಲಿಂದಾಚೆ ಇಬ್ಬರೂ ಸೇರಿ ಒಂದೇ ಮೋಟರ್ ಕೊಂಡರು, ಒಂದು ನಿಯಮವನ್ನೂ ಮಾಡಿಕೊಂಡರು. ಒಬ್ಬ ಜೋಡಣೆಯ ಚೀಟಿ ನೋಡಿ ಓದಬೇಕು, ಇನ್ನೊಬ್ಬ ಜೋಡಿಸಬೇಕು. ಜೋಡಿಸುವವನು ಕಿವಿಗೆ ಬಿದ್ದಷ್ಟೇ ಮಾಡಬೇಕು, ಸ್ವಂತ ಬುದ್ಧಿ ಓಡಿಸಕೂಡದು. ಒಂದೊಂದು ಕೆಲಸ ಮುಗಿದಾಗಲೂ ಬಾಯಿ ಬಿಟ್ಟು ಹೇಳಬೇಕು. ಆ ಸಂಜೆ ಮೋಟರ್ ತೊಳೆಯುವ ಪಾಳಿ ಓದಿದವನದ್ದು. ಮುಂದಿನ ಸಲ ಅದಲುಬದಲು. ನಜೀಬ್ ಒಂದು ಉದ್ದನೆಯ ನೀಲಿ ಪುಸ್ತಕ ಇಟ್ಟುಕೊಂಡಿದ್ದ. ಹೊಲದಿಂದ ಹೊರಡುವ ಮುಂಚೆ ಕಾರಿನ ಬಾನೆಟ್ಟಿನ ಮೇಲೆ ಅದನ್ನು ಹರಡಿ, ಹುಬ್ಬಳ್ಳಿಯ ಶಾಲೆಯಲ್ಲಿ ತಿದ್ದಿದ ದುಂಡು ಅಕ್ಷರದಲ್ಲಿ ದಿನದ ಲೆಕ್ಕವನ್ನೆಲ್ಲ ಬರೆಯುತ್ತಿದ್ದ. ಹೀಗೆ ನಾಲ್ಕು ವರ್ಷದಲ್ಲಿ ನಲವತ್ತೊಂದು ಹಾರಾಟ. ಒಂದರಲ್ಲೂ ಬಳೆ ಮರೆತದ್ದಿಲ್ಲ, ಪುಡಿ ಮರೆತದ್ದಿಲ್ಲ. ಕ್ಲಬ್ಬಿನ ಬಿಳಿಯರು ಇವರಿಬ್ಬರು ಮಂತ್ರ ಹೇಳಿಕೊಂಡು ಮೋಟರ್ ಜೋಡಿಸುತ್ತಾರೆ ಎಂದು ತಮಾಷೆ ಮಾಡುತ್ತಿದ್ದರು.

ನಲವತ್ತೊಂದನೆಯದು ಎರಡು ಸಾವಿರದ ಒಂದರ ಸೆಪ್ಟೆಂಬರ್ ಎಂಟು, ಶನಿವಾರ. ಓದಿದವನು ತಿರುಮಲೇಶ, ಜೋಡಿಸಿದವನು ನಜೀಬ್. ಅವತ್ತು ಸಂಜೆ ಹಾಫ್‌ಮನ್ ಎಸ್ಟೇಟ್ಸಿನಲ್ಲಿದ್ದ ತಿರುಮಲೇಶನ ಮನೆಗೆ ನೆಂಟರು ಬರುವವರಿದ್ದರು. ನಾಳೆ ತೊಳೆದರಾಯಿತು ಎಂದು ತಿರುಮಲೇಶ ಮೋಟರನ್ನು ಗ್ಯಾರೇಜಿನ ಬೆಂಚಿನ ಮೇಲಿಟ್ಟ. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಭಾನುವಾರ ಮಗಳು ಮಾನ್ಯಾಳ ಈಜಿನ ಸ್ಪರ್ಧೆ, ಸೋಮವಾರ ಆಫೀಸು. ಮಂಗಳವಾರ ಬೆಳಿಗ್ಗೆ ಆಫೀಸಿನ ಕೆಫೆಟೇರಿಯಾದಲ್ಲಿ, ಆ ಎರಡು ಗೋಪುರಗಳು ಉರಿದು ಕುಸಿಯುವುದನ್ನು ತೋರಿಸುತ್ತಿದ್ದ ಟಿವಿಯ ಮುಂದೆ ಎಲ್ಲರೂ ತಟ್ಟೆ ಹಿಡಿದು ನಿಂತೇ ಇದ್ದರು, ಯಾರೂ ತಿನ್ನಲಿಲ್ಲ.

ಅವತ್ತು ಸಂಜೆ ತಿರುಮಲೇಶ ಮಾಡಿದ ಮೊದಲ ಕೆಲಸವೆಂದರೆ ಮೋಟರನ್ನು ಪ್ರೆಷರ್ ಕುಕ್ಕರಿನ ಹಳೆಯ ಡಬ್ಬದಲ್ಲಿ ಹಾಕಿ, ಮೇಲೆ ಹಳೇ ಟವೆಲ್ ತುರುಕಿ, ಅಟ್ಟದ ಹಲಗೆಯ ಮೇಲೆ ಸೇರಿಸಿದ್ದು. ತೊಳೆಯಬೇಕಾದರೆ ಹೊರಗೆ ತೆಗೆಯಬೇಕು, ಬಿಚ್ಚಬೇಕು, ಯಾರಾದರೂ ಕಂಡರೆ? ಕಾನೂನಿನ ಪ್ರಕಾರ ಕೊಂಡದ್ದು, ಕ್ಲಬ್ಬಿನ ಕಾರ್ಡಿದೆ, ಎಲ್ಲ ಸರಿ. ಆದರೆ ಹೆದರಿಕೆ ಕಾನೂನು ಓದಿಕೊಂಡು ಬರುವುದಿಲ್ಲವಲ್ಲ. ಅವನ ಎಚ್-ಒನ್ ವೀಸಾ ಆಗ ತಾನೇ ಗ್ರೀನ್ ಕಾರ್ಡಿನ ಬಾಗಿಲಲ್ಲಿ ನಿಂತಿತ್ತು. ನಜೀಬ್ ಎರಡು ಸಲ ಫೋನ್ ಮಾಡಿದ. ತಿರುಮಲೇಶ ನಂಬರು ನೋಡಿ ಎತ್ತಲಿಲ್ಲ.

ಅಕ್ಟೋಬರಿನ ಒಂದು ಬುಧವಾರ, ನಜೀಬನ ಅಪಾರ್ಟ್‌ಮೆಂಟಿನಲ್ಲೇ ಇದ್ದ ಸಹೋದ್ಯೋಗಿಯೊಬ್ಬ ಊಟದ ಹೊತ್ತಿನಲ್ಲಿ ದನಿ ತಗ್ಗಿಸಿ ಹೇಳಿದ. ನಿನ್ನೆ ನಿಮ್ಮ ರಾಕೆಟ್ ಫ್ರೆಂಡ್ ಮನೆಗೆ ಸೂಟು ಹಾಕಿದ ಇಬ್ಬರು ಸರ್ಕಾರಿ ತನಿಖೆಯವರು ಬಂದಿದ್ದರು, ಒಂದೂವರೆ ಗಂಟೆ ಕೂತಿದ್ದರು. ಕಾರಿಗೆ ಉದ್ದನೆಯ ಕೊಳವೆ ತುಂಬುವುದನ್ನು ಯಾರೋ ನೋಡಿ ದೂರು ಕೊಟ್ಟಿದ್ದರಂತೆ. ತಿರುಮಲೇಶ ಊಟದ ಡಬ್ಬಿ ಮುಚ್ಚಿದ. ಸಂಜೆ ಮನೆಗೆ ಬಂದರೆ ಆನ್ಸರಿಂಗ್ ಮಶೀನಿನ ಕೆಂಪು ದೀಪ ಮಿಣುಕುತ್ತಿತ್ತು. ನಂಬರು ನಜೀಬನ ಮನೆಯದು. ಅವನು ಕೇಳದೆಯೇ ಅಳಿಸುವ ಗುಂಡಿ ಒತ್ತಿಬಿಟ್ಟ. ಪಕ್ಕದಲ್ಲಿ ನಿಂತಿದ್ದ ಅಂಬುಜಾ "ಏನೋ ಕಷ್ಟ ಇರ್ಬೇಕು ಕಣ್ರೀ, ಒಂದ್ಸಲ ಕೇಳಿ" ಎನ್ನುವಷ್ಟರಲ್ಲಿ ದೀಪ ಆರಿತ್ತು.

ಗುರುವಾರ ಆ ಇಬ್ಬರು ತಿರುಮಲೇಶನ ಮನೆಗೂ ಬಂದರು. ಮರ್ಯಾದಸ್ತ ಜನ, ಬೂಟು ಬಿಚ್ಚಬೇಕೇ ಎಂದು ಕೇಳಿಯೇ ಒಳಗೆ ಬಂದರು. ಅಂಬುಜಾ ಕೊಟ್ಟ ನೀರು ಕುಡಿದರು. ನೀವೂ ನಜೀಬರೂ ಜೊತೆಯಾಗಿ ರಾಕೆಟ್ ಹಾರಿಸುತ್ತೀರಂತೆ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ತಿರುಮಲೇಶ ಗ್ಯಾರೇಜಿನ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದ. ಹಾರಿಸುವವನು ಅವನು. ಸಾಮಾನೆಲ್ಲ ಅವನದ್ದೇ. ನಾನು ಸುಮ್ಮನೆ ನೋಡಲು ಹೋಗುತ್ತಿದ್ದೆ.

ಅವರು ಬರೆದುಕೊಂಡರು, ಥ್ಯಾಂಕ್ಯೂ ಎಂದರು, ಹೋದರು. ಅಷ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇವನದ್ದು ಹೋದದ್ದು ಮೂರು ಪುಟ್ಟ ವಾಕ್ಯಗಳಿಗೆ. ನಜೀಬನ ಮೇಲೂ ಏನೂ ಸಾಬೀತಾಗಲಿಲ್ಲ, ಸಾಬೀತಾಗಲು ಏನೂ ಇರಲೂ ಇಲ್ಲ. ಆದರೆ ಡಿಸೆಂಬರಿನಲ್ಲಿ ಅವನ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಆ ಚಳಿಗಾಲದಲ್ಲಿ ಎಷ್ಟೋ ಜನರ ಕೆಲಸ ಹೋಗಿತ್ತು, ಇದು ಆ ಲೆಕ್ಕಕ್ಕೋ ಈ ಲೆಕ್ಕಕ್ಕೋ ಯಾರೂ ಹೇಳಲಿಲ್ಲ. ಫೆಬ್ರವರಿಯಲ್ಲಿ ನಜೀಬ್, ನೌಶೀನ್ ಟ್ರಕ್ ಬಾಡಿಗೆಗೆ ತೆಗೆದುಕೊಂಡು ಡೆಟ್ರಾಯಿಟ್ ಕಡೆಗೆ ಹೊರಟರು. ತಿರುಮಲೇಶ ಜ್ವರವೆಂದು ಹೊದ್ದು ಮಲಗಿದ. ಅಂಬುಜಾ ಒಬ್ಬಳೇ ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೋಗಿ ಬೀಳ್ಕೊಟ್ಟು ಬಂದಳು. ಜ್ವರ ಇದೆಯೇ ಎಂದು ಅವಳು ಹಣೆ ಮುಟ್ಟಿ ನೋಡಲಿಲ್ಲ.

ಈಗ ಆರು ದಿನ. ತಿರುಮಲೇಶನ ಲೆಕ್ಕ ಸುಲಭವಾಗಿತ್ತು. ಮೋಟರನ್ನು ಹೊಸದರಂತೆ ಮಾಡಿ ನಜೀಬನ ಕೈಗಿಡಬೇಕು. ಹೇಳಬೇಕಾದ್ದನ್ನೆಲ್ಲ ಆ ತೊಳೆದ ಲೋಹವೇ ಹೇಳಿಬಿಟ್ಟರೆ ತಾನು ಬಾಯಿ ತೆರೆಯುವುದೇ ಬೇಡ. ಡಬ್ಬ ಇಳಿಸಿ ಟವೆಲ್ ತೆಗೆದ. ಕೊಳವೆಯ ಬಾಯಲ್ಲಿ ಬಿಳಿ ಬೂಷ್ಟಿನಂಥದ್ದು ಎದ್ದಿತ್ತು. ಹಿಂದಿನ ಮುಚ್ಚಳಕ್ಕೆ ಕೈ ಹಾಕಿ ತಿರುಗಿಸಿದ, ಕದಲಲಿಲ್ಲ. ಮುಂದಿನದೂ ಅಷ್ಟೇ.

ಸೋಮವಾರ ತುಕ್ಕು ಬಿಡಿಸುವ ಎಣ್ಣೆ ಹೊಡೆದ. ಮಂಗಳವಾರ ರಾತ್ರಿಯೆಲ್ಲ ವಿನಿಗರಿನಲ್ಲಿ ನೆನೆಸಿದ. ಬುಧವಾರ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟು, ತೆಗೆದು, ಕುದಿಯುವ ನೀರಿಗೆ ಅದ್ದಿದ. ಅಂಬುಜಾ ನೋಡಲಾರದೆ ದೇವರ ದೀಪಕ್ಕೆಂದು ಕಿವುಚಿಟ್ಟಿದ್ದ ಹುಣಸೆಹುಳಿಯ ಬಟ್ಟಲು ತಂದು ಬೆಂಚಿನ ಮೇಲಿಟ್ಟಳು. ಯಾವುದರ ಪುಣ್ಯವೋ, ಹಿಂದಿನ ಮುಚ್ಚಳ ಕಿರ್ರೆಂದು ಅರ್ಧ ಸುತ್ತು ತಿರುಗಿತು, ಆಮೇಲೆ ಪೂರ್ತಿ ಬಿಟ್ಟುಕೊಂಡಿತು. ಒಳಗಿನಿಂದ ಕೊಳೆತ ಮೊಟ್ಟೆಯ ನಾತ ಬಂತು. ಒಳಕೊಳವೆ ಲೋಹಕ್ಕೆ ಅಂಟಿ ಕಲ್ಲಾಗಿತ್ತು. ತಿರುಮಲೇಶನಿಗೆ ಅಷ್ಟಕ್ಕೇ ಖುಷಿ. ಅವತ್ತು ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ಮುಂದಿನ ಮುಚ್ಚಳ ಮಾತ್ರ ಜಗ್ಗಲಿಲ್ಲ. ಗುರುವಾರ ಜಗ್ಗಲಿಲ್ಲ. ಶುಕ್ರವಾರ ಅರ್ಧ ದಿನ ರಜೆ ಹಾಕಿ ಬಂದು ಹೆಣಗಿದ, ಆಗಲೂ ಜಗ್ಗಲಿಲ್ಲ. ಅಂಗೈಯ ಚರ್ಮ ಕಿತ್ತು ಬಂತು.

"ಅದು ಬಿಡೋದಿಲ್ಲ," ಎಂದಳು ಅಂಬುಜಾ. "ನೀವೇ ಬಾಯಿ ಬಿಡಿ. ಹೇಳ್ಬಿಡಿ ಅವ್ರಿಗೆ."

"ಏನಂತ ಹೇಳ್ಲಿ? ಭಯ ಆಯ್ತು, ಅದಕ್ಕೇ ನಿನ್ನ ತಲೆ ಮೇಲೆ ಹಾಕ್ದೆ ಅಂತಾನಾ?"

"ಹೌದು, ಹಾಗೇ."

"ನಿಂಗೇನು, ಸುಲಭವಾಗಿ ಹೇಳ್ತೀಯ."

"ಸುಲಭ ಅಂತ ನಾನೆಲ್ಲಿ ಹೇಳ್ದೆ?" ಎಂದು ಅವಳು ಒಳಗೆ ಹೋದಳು.

ಆಮೇಲೆ ತಿರುಮಲೇಶ ಮಾಡಿದ್ದು, ರಾಕೆಟ್ ಹಾರಿಸುವ ಯಾವನೂ ಮಾಡಬಾರದ ಕೆಲಸ. ಮೋಟರನ್ನು ಬೆಂಚಿನ ವೈಸಿನ ಕಬ್ಬಿಣದ ದವಡೆಗೆ ಕೊಟ್ಟು ಬಿಗಿದ. ಇದನ್ನು ಯಾವತ್ತೂ ಮಾಡಬೇಡ ಎಂದು ನಜೀಬ್ ಮೊದಲ ವಾರವೇ ಹೇಳಿಕೊಟ್ಟಿದ್ದ. ಗೊತ್ತಿದ್ದೂ ಮಾಡಿದ. ಪೈಪ್ ರೆಂಚ್ ಹಾಕಿ ಮೈಮೇಲೆ ಬಂದವನ ಹಾಗೆ ಜಗ್ಗಿದ. ಕೊಳವೆಯ ತೆಳು ಗೋಡೆ ಸದ್ದಿಲ್ಲದೆ ಒಳಗೆ ಸರಿಯಿತು. ವೈಸ್ ಸಡಿಲಿಸಿ ನೋಡಿದರೆ ದುಂಡಗಿದ್ದದ್ದು ಮೊಟ್ಟೆಯಾಕಾರವಾಗಿತ್ತು, ಮೈಮೇಲೆ ರೆಂಚಿನ ಹಲ್ಲುಗಳ ಗುರುತು ಸಾಲಾಗಿ ಬಿದ್ದಿತ್ತು. ಮುಚ್ಚಳ ಅಲ್ಲೇ ಇತ್ತು. ಇನ್ನು ಯಾವ ಬಳೆಯೂ ಆ ಕೊಳವೆಯೊಳಗೆ ಸಂದಿಲ್ಲದೆ ಕೂರುವುದಿಲ್ಲ. ಮೋಟರ್ ಸತ್ತಿತ್ತು. ತಿರುಮಲೇಶ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತ. ಅಳು ಬಂತು, ಅತ್ತ.

ಶನಿವಾರ ಎರಡು ಗಂಟೆಗೆ ನಜೀಬ್ ಬಂದ. ಮದುವೆಯ ಷೇರ್ವಾನಿ ಕಾರಿನ ಹಿಂದಿನ ಸೀಟಿನಲ್ಲಿ ತೂಗುತ್ತಿತ್ತು. ಗಡ್ಡ ಬೆಳ್ಳಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಅಂಬುಜಾಳ ಕೈಗೆ ಖರ್ಜೂರದ ಡಬ್ಬಿ ಕೊಟ್ಟು, "ಅಂಬುಜಾ ಅವ್ರ, ನಿಮ್ಮ ಚಿತ್ರಾನ್ನ ನಾವು ಇಂಡಿಯಾನಾದಾಗ ಟ್ರಕ್ ನಿಲ್ಲಿಸಿ ತಿಂದ್ವಿ ನೋಡ್ರಿ. ಇನ್ನೂ ನೆನಸ್ತಾಳ ನೌಶೀನ್," ಎಂದ. ಅಂಬುಜಾ ಚಹಾ ಮಾಡಿ ತರುತ್ತೇನೆಂದು ಒಳಗೆ ಹೋದಳು. ಅವನ ಕಂಕುಳಲ್ಲಿ ಆ ನೀಲಿ ಪುಸ್ತಕವಿತ್ತು.

ಗ್ಯಾರೇಜಿನಲ್ಲಿ ತಿರುಮಲೇಶ ಮೋಟರನ್ನು ಬೆಂಚಿನ ಮೇಲಿಟ್ಟ. ನಜೀಬ್ ಎತ್ತಿಕೊಂಡು ಬೆಳಕಿಗೆ ಹಿಡಿದ. ಹಲ್ಲಿನ ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದ.

"ವೈಸಿಗೆ ಹಾಕಿದ್ದೇನು?"

"ಹ್ಞೂಂ."

"ತೊಳದೇ ಇಲ್ಲ ಇದನ್ನ."

"ಇಲ್ಲ."

"ಆವಾಗಿಂದ?"

"ಆವಾಗಿಂದ. ಫೋನಲ್ಲಿ ಸುಳ್ಳು ಹೇಳ್ದೆ."

ನಜೀಬ್ ಅದನ್ನು ಬೆಂಚಿನ ಮೇಲಿಟ್ಟ. ಬೈದರೆ ಸಾಕೆಂದು ತಿರುಮಲೇಶ ಕಾಯುತ್ತಿದ್ದ. ನಜೀಬ್ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ.

"ಹೋಗ್ಲಿ ಬಿಡು. ನೀನೂ ಹೆದರಿದ್ದಿ, ನಾನೂ ಹೆದರಿದ್ದೆ. ಕೊಳವಿ ಮತ್ತೊಂದು ಸಿಗ್ತೈತಿ. ನಾ ಇವತ್ತ ಬಂದಿದ್ದು ಬರೇ ಇದಕ್ಕಲ್ಲ." ಅವನು ಪುಸ್ತಕವನ್ನು ಬೆಂಚಿನ ಮೇಲಿಟ್ಟು ಅಂಗೈಯಿಂದ ತಟ್ಟಿದ. "ಇದು ನೋಡು, ಆ ಮಂದಿ ಬಂದಾಗ ನೌಶೀನ್ ಅಕ್ಕಿ ಡಬ್ಬಿಯೊಳಗ ಮುಚ್ಚಿಟ್ಟಿದ್ಲು. ಒಳಗ ಪ್ರತಿ ಸಾಲಿನ್ಯಾಗೂ ನಿನ್ನ ಹೆಸರು ಐತಿ. ಅವ್ರಿಗೆ ನಾ ಏನ ಹೇಳಿದೆ ನಿನಗ ಗೊತ್ತಲ್ಲ. ಎಲ್ಲಾ ನಂದ, ತಿರುಮಲೇಶ ಬರೇ ನೋಡಾಕ ಬರ್ತಿದ್ದ, ಮೋಟರ್ ಹೊಲದಾಗ ಬಿದ್ದು ಕಳದು ಹೋತು. ಅವ್ರು ಹ್ವಾದ ಮ್ಯಾಲೆ ಜೀವ ಹಾರಾಕತ್ತಿತ್ತು. ನೀ ಎಷ್ಟಂದ್ರೂ ನೇರ ಮನಷ್ಯಾ. ನಾನೂ ಜೋಡಸ್ತೀನಿ, ಮೋಟರ್ ಇಲ್ಲೇ ನನ್ನ ಗ್ಯಾರೇಜಿನ್ಯಾಗ ಐತಿ ಅಂತ ನೀ ಖರೇ ಹೇಳಿಬಿಟ್ರ, ನಾ ಸುಳ್ಳಾಗ್ತೀನಿ, ನೀ ಸಿಕ್ಕೊಂತೀ. ಅದಕ್ಕ ನೌಶೀನ್ ಕಡೆಯಿಂದ ಫೋನ್ ಮಾಡ್ಸಿ, ನಿಮ್ಮ ಮಶೀನಿನ್ಯಾಗ ಹೇಳಸಿದೆ. ಬರೇ ನೋಡಾಕ ಬರ್ತಿದ್ದೆ ಅಂತ ಹೇಳು, ಬಾಕಿದ್ದು ಏನೂ ಹೇಳಬ್ಯಾಡ ಅಂತ."

ತಿರುಮಲೇಶ ಪಕ್ಕದ ಪೆಟ್ಟಿಗೆಯ ಮೇಲೆ ಕೂತ. ಮಿಣುಕುತ್ತಿದ್ದ ಆ ಕೆಂಪು ದೀಪ ಕಣ್ಣ ಮುಂದೆ ಬಂತು.

"ಎರಡನೇ ಸಲ ಬಂದಾಗ ಅವ್ರ ಅಂದ್ರು," ನಜೀಬ್ ಹೇಳುತ್ತಲೇ ಇದ್ದ, "ನಿಮ್ಮ ಫ್ರೆಂಡೂ ಇದನ್ನ ಹೇಳಿದ, ಇಬ್ಬರ ಮಾತೂ ಕೂಡತೈತಿ ಅಂತ. ಫೈಲ್ ಮುಚ್ಚಿದ್ರು. ನಾ ಓದಿದ್ದನ್ನ ನೀ ಒಂದ ಅಕ್ಷರಾನೂ ತಪ್ಪದ ಜೋಡಿಸಿದ್ದಿ. ಆಮ್ಯಾಲೆ ನೌಕರಿ ಹೋತು, ಗುರ್ತಿದ್ದ ಮಂದಿ ಮಾರಿ ತಿರುವಿದ್ರು. ನೀ ಒಂದ ಫೋನ್ ಮಾಡ್ಲಿಲ್ಲ ಅಂತ ನಿನ್ನ ಮ್ಯಾಲೂ ಸಿಟ್ಟ ಬಂದಿತ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ಅಲ್ಲಿ, ಮೊದಲನೇ ವರ್ಷ, ನಿದ್ದಿ ಹತ್ತದಾಗ ಇದೊಂದು ನೆನಸ್ತಿದ್ದೆ. ಕುತ್ತಿಗಿಗೆ ಬಂದಾಗ ನನ್ನ ಮಾತಿನಂಗ ನಿಂತಾಂವ ಒಬ್ಬ ಇದ್ದ ಶಿಕಾಗೋದಾಗ ಅಂತ. ಅದನ್ನ ಮಾರಿ ನೋಡಿ ಹೇಳೂಣು ಅಂತ ಬಂದೆ."

ಅಂಬುಜಾ ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ನಜೀಬನನ್ನು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು.

ಸುಮ್ಮನಿದ್ದರೆ ಸಾಕಿತ್ತು. ಹೌದಪ್ಪ ಎಂದು ತಲೆಯಾಡಿಸುವುದೂ ಬೇಕಿರಲಿಲ್ಲ. ಗೆಳೆಯ ವಾಪಸು ಬಂದಿದ್ದ, ಪುಸ್ತಕ ಬಂದಿತ್ತು. ಹೊಸ ಕೊಳವೆ ತಂದರೆ ನಲವತ್ತೆರಡನೆಯ ಸಾಲು ಬರೆಯಬಹುದಿತ್ತು. ಯಾರಿಗೂ ಏನೂ ತಿಳಿಯುವುದಿಲ್ಲ, ಅಂಬುಜಾಳ ಬಾಯಿಂದಂತೂ ಹೊರಬೀಳುವುದಿಲ್ಲ. ತಿರುಮಲೇಶ ಅಷ್ಟನ್ನೂ ಯೋಚಿಸಿದ. ನಾಲ್ಕೂವರೆ ವರ್ಷ ಹೊತ್ತದ್ದನ್ನು ಇಷ್ಟು ಸುಲಭವಾಗಿ ಇಳಿಸಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ನಜೀಬ್ ನಗುತ್ತ ಅವನ ಹೆಗಲ ಮೇಲೆ ಕೈಯಿಟ್ಟ. ಆ ಕೈಯನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

"ಆ ಮೆಸೇಜು ನಾನು ಕೇಳ್ಲಿಲ್ಲ ನಜೀಬ್."

"ಅಂದ್ರ?"

"ನಿಮ್ಮ ಮನೆ ನಂಬರು ನೋಡಿದ ತಕ್ಷಣ ಅಳಿಸ್ಬಿಟ್ಟೆ. ಏನಿತ್ತು ಅಂತ ನಂಗೆ ಇವತ್ತೇ ಗೊತ್ತಾಗಿದ್ದು. ಮಾರನೇ ದಿನ ಅವ್ರು ಬಂದಾಗ ನ... ನಾನೇ ಹೇಳ್ದೆ. ನನ್ನ ಜೀವ ಉಳಿಸ್ಕೊಳ್ಳೋಕೆ. ನೀನು ಏನಾದ್ರೂ ಆಗ್ಲಿ ಅಂತ."

ನಜೀಬ್ ಹೆಗಲ ಮೇಲಿನ ಕೈ ತೆಗೆದು ತನ್ನ ಮೊಣಕಾಲ ಮೇಲಿಟ್ಟುಕೊಂಡ. ಗ್ಯಾರೇಜಿನ ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಶುರುವಾಗಿ ನಿಂತಿತು.

"ಇದನ್ನ ನೀ ಹೇಳಬಾರದಿತ್ತು," ಎಂದ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿನಗ ಹಗುರಾತು, ಹೌದಲ್ಲ? ನಾ ಶಿಕಾಗೋದಿಂದ ಕಟಗೊಂಡು ಹೋಗಿದ್ದು ಇದೊಂದ ಇತ್ತು. ಅದನ್ನೂ ತಗೊಂಡಿ."

ತಿರುಮಲೇಶ ಏನೋ ಹೇಳಲು ಹೋದ. ನಜೀಬ್ ಬೇಡವೆಂದು ಕೈ ಎತ್ತಿದ. ಮೋಟರನ್ನು ಎತ್ತಿ, ಸೋರುತ್ತಿದ್ದ ಮಸಿ ಬೆಂಚಿಗೆ ಅಂಟದಂತೆ ಕೆಳಗೆ ಒಂದು ಬಟ್ಟೆ ಹಾಸಿ, ಮತ್ತೆ ಇಟ್ಟ. ಅಭ್ಯಾಸ ಹಾಗೆ. ಪುಸ್ತಕವನ್ನು ಅದರ ಪಕ್ಕಕ್ಕೆ ಸರಿಸಿದ.

"ಎರಡೂ ಇಲ್ಲೇ ಇರ್ಲಿ. ನಿಕಾಕ್ಕ ಹೊತ್ತಾತು." ಬಾಗಿಲಲ್ಲಿ ನಿಂತು ಅಂಬುಜಾಳಿಗೆ ಮಾತ್ರ ತಲೆ ಬಾಗಿಸಿದ. "ಚಹಾ ಮತ್ತ ಯಾವಾಗರ ಕುಡೀತೀನ್ರಿ." ಆ ಯಾವಾಗಲೋ ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ತಿರುಮಲೇಶ ಪುಸ್ತಕ ತೆರೆದ. ನಲವತ್ತೊಂದನೆಯ ಸಾಲು ಕೊನೆಯ ಪುಟದ ನಡುವಿನಲ್ಲಿತ್ತು. ತಾರೀಖು, ಎಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಸಣ್ಣ ಗಾಳಿ. ಓದಿದವರು ತಿ. ಜೋಡಿಸಿದವರು ನ. ತೊಳೆದವರು ಎಂಬ ಕೊನೆಯ ಮನೆಯಲ್ಲಿಯೂ ಅದೇ ಶಾಯಿ, ಅದೇ ದುಂಡು ಅಕ್ಷರ: ತಿ. ಅವನು ಹಿಂದಿನ ಪುಟಗಳನ್ನು ತಿರುವಿದ. ಅವನ ಪಾಳಿಯ ಪ್ರತಿ ಸಾಲಿನಲ್ಲೂ ಹಾಗೆಯೇ ಇತ್ತು. ಹೊಲದಲ್ಲೇ, ಮೋಟರ್ ಇನ್ನೂ ಬೆಚ್ಚಗಿರುವಾಗಲೇ, ತೊಳೆಯುವ ಮುಂಚೆಯೇ, ಕಾರಿನ ಬಾನೆಟ್ಟಿನ ಮೇಲೆ ನಜೀಬ್ ಅದನ್ನು ಬರೆದು ಮುಗಿಸುತ್ತಿದ್ದ. ನಾಲ್ಕು ವರ್ಷದಲ್ಲಿ ಒಮ್ಮೆಯೂ ತಿರುಮಲೇಶ ಅದನ್ನು ಗಮನಿಸಿರಲಿಲ್ಲ.

ಅವನು ಪುಸ್ತಕ ಮುಚ್ಚಿದ. ಬಕೆಟ್ಟಿಗೆ ಬಿಸಿನೀರು ಬಿಟ್ಟುಕೊಂಡು, ಬಟ್ಟೆ ಅದ್ದಿ ಹಿಂಡಿ, ಮೋಟರನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಲು ಕೂತ. ಮುಂದಿನ ಮುಚ್ಚಳ ತೆರೆಯದ್ದರಿಂದ ಕೈಗೆ ಸಿಕ್ಕಷ್ಟು ಮಸಿಯನ್ನೇ ಒರೆಸಿದ. ಅಂಬುಜಾ ಆರಿದ ಮೂರು ಲೋಟ ಚಹಾವನ್ನು ಹಾಗೆಯೇ ಒಳಗೆ ಒಯ್ದು ಸಿಂಕಿಗೆ ಸುರಿದಳು.